ಕ್ಯಾಮೆರಾ ಒಬ್ಬರ ಕೈಯಲ್ಲಿ, ಕಾವಲು ಇನ್ನೊಬ್ಬರದು

ಮದುವೆಯಾಗಿ ಹನ್ನೊಂದು ವರ್ಷಗಳಾದ ಮೇಲೆ ನಾನೂ ನನ್ನ ಪತಿಯೂ ಒಟ್ಟಿಗೆ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವುದನ್ನು ಕಲಿಯಲು ಸೇರಿದೆವು. ನನಗೆ ಈಜು ಚೆನ್ನಾಗಿ ಬರುತ್ತಿತ್ತು, ಅವರದು ಅಷ್ಟಕ್ಕಷ್ಟೆ. ಆದರೆ ಈಜುಕೊಳದ ಮೊದಲ ಪಾಠದಲ್ಲೇ ಲೆಕ್ಕ ತಲೆಕೆಳಗಾಯಿತು. ಮಾಸ್ಕಿನೊಳಗೆ ಬೇಕೆಂದೇ ನೀರು ತುಂಬಿಸಿಕೊಂಡು, ಅದರ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ಮೂಗಿನಿಂದ ಉಸಿರು ಬಿಟ್ಟು ನೀರನ್ನು ಹೊರದೂಡುವ ಅಭ್ಯಾಸದಲ್ಲಿ ನಾನು ಮೂರು ಸಲ ಗಾಬರಿಯಿಂದ ಮೇಲೆದ್ದೆ. ಅವರು ಮೊದಲ ಯತ್ನದಲ್ಲೇ ಮುಗಿಸಿ, ಕೊಳದ ತಳದಲ್ಲಿ ಮಂಡಿಯೂರಿ ನನಗಾಗಿ ಕಾದರು. ಸಮುದ್ರಕ್ಕಿಳಿದ ದಿನ ಕಾಯುವ ಸರದಿ ನನ್ನದಾಯಿತು. ನಾಲ್ಕು ಮೀಟರ್ ಇಳಿಯುವಷ್ಟರಲ್ಲಿ ಅವರ ಕಿವಿ ನೋಯತೊಡಗಿತು. ಮೂಗು ಹಿಡಿದು ಮೆಲ್ಲಗೆ ಊದಿ, ಕಿವಿಯೊಳಗಿನ ಒತ್ತಡವನ್ನು ಹೊರಗಿನ ಒತ್ತಡಕ್ಕೆ ಸರಿದೂಗಿಸುವ ಕೆಲಸವನ್ನು ನೋವು ಶುರುವಾಗುವ ಮೊದಲೇ ಮಾಡುತ್ತಾ ಹೋಗಬೇಕು. ನೋವು ಬಂದ ಮೇಲೆ ಜೋರಾಗಿ ಊದಿದರೆ ಕಿವಿಗೇ ಅಪಾಯ. ಒಂದು ಮೀಟರ್ ಮೇಲೇರಿ, ಕಿವಿ ಬಿಟ್ಟ ಮೇಲೆ ಮತ್ತೆ ಹಗ್ಗ ಹಿಡಿದು ನಿಧಾನವಾಗಿ ಇಳಿದೆವು.

ಮೊದಲ ಮೂವತ್ತು ಡೈವ್‌ಗಳವರೆಗೆ ಕ್ಯಾಮೆರಾ ಮುಟ್ಟಲಿಲ್ಲ. ಈ ವಿಷಯದಲ್ಲಿ ನಾನು ಈಗಲೂ ಹಟಮಾರಿ. ಮುಳುಗಿಸುವ ಸೊಂಟದ ತೂಕವೂ ತೇಲಿಸುವ ಜಾಕೆಟ್ಟಿನ ಗಾಳಿಯೂ ಸರಿಹೊಂದಿದ ಮೇಲೆ ಉಸಿರೆಳೆದರೆ ದೇಹ ಒಂದಿಷ್ಟು ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಹೀಗೆ ಉಸಿರಿನಿಂದಲೇ ಒಂದೆಡೆ ತೇಲಿ ನಿಲ್ಲಲು ಬಾರದವರು ಕ್ಯಾಮೆರಾ ಹಿಡಿದರೆ, ಚಿತ್ರ ಕೆಡುವುದು ಹಾಗಿರಲಿ, ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುವ ಹವಳವನ್ನು ಕಾಲಿನಿಂದ ಮುರಿದುಹಾಕುತ್ತಾರೆ.

ನಾನು ತೆಗೆದ ಮೊದಲ ಚಿತ್ರಗಳೆಲ್ಲ ನೀಲಿ ಶಾಯಿಯಲ್ಲಿ ಅದ್ದಿ ತೆಗೆದಂತಿದ್ದವು. ನೀರು ಬೆಳಕಿನ ಕೆಂಪು ಭಾಗವನ್ನು ಎಲ್ಲಕ್ಕಿಂತ ಮೊದಲು ಹೀರಿಕೊಳ್ಳುವುದರಿಂದ, ಹತ್ತು ಮೀಟರ್ ಆಳದಲ್ಲಿ ಇವರ ಕಾಲಿನ ಕೆಂಪು ಫಿನ್‌ಗಳು, ಅಂದರೆ ಈಜುರೆಕ್ಕೆಗಳು, ಕಂದುಗಪ್ಪಾಗಿ ಕಂಡವು. ಬೆಳಕನ್ನು ನಾವೇ ಒಯ್ಯದೆ ಬೇರೆ ದಾರಿಯಿಲ್ಲ. 1926ರಲ್ಲಿ ಫ್ಲಾರಿಡಾದ ಕಡಲಲ್ಲಿ ವಿಲಿಯಂ ಲಾಂಗ್ಲಿ ಮತ್ತು ಚಾರ್ಲ್ಸ್ ಮಾರ್ಟಿನ್ ನೀರೊಳಗಿನ ಮೊದಲ ಬಣ್ಣದ ಚಿತ್ರಗಳನ್ನು ತೆಗೆಯಲು ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿ ಸಿಡಿಸಿದ್ದರಂತೆ. ನಮಗೆ ಅಂಗೈಯಗಲದ ಸ್ಟ್ರೋಬ್, ಅಂದರೆ ನೀರೊಳಗಿನ ಫ್ಲಾಶ್ ದೀಪ ಸಾಕಾಯಿತು. ಆದರೆ ಸ್ಟ್ರೋಬನ್ನು ಲೆನ್ಸಿನ ಪಕ್ಕದಲ್ಲೇ ಇಟ್ಟು ಕ್ಲಿಕ್ಕಿಸಿದಾಗ ನೀರಿನಲ್ಲಿ ತೇಲುವ ಕಣಗಳೆಲ್ಲ ಹೊಳೆದು, ಮೀನಿನ ಮೇಲೆ ಯಾರೋ ರಂಗೋಲಿ ಪುಡಿ ಎರಚಿದಂತಾಯಿತು. ಅದರ ತೋಳನ್ನು ಪಕ್ಕಕ್ಕೆ ಚಾಚಿ, ಮುಖವನ್ನು ತುಸು ಹೊರಕ್ಕೆ ತಿರುಗಿಸಿ, ಜೀವಿಗೂ ಲೆನ್ಸಿಗೂ ನಡುವೆ ಒಂದು ಮೊಳಕ್ಕಿಂತ ಹೆಚ್ಚು ನೀರಿರದಂತೆ ಹತ್ತಿರ ಹೋದ ಮೇಲೆಯೇ ಬಣ್ಣಗಳು ತಿರುಗಿ ಬಂದವು. ನೀರಿನಲ್ಲಿ ಎಲ್ಲವೂ ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಸಾಕಷ್ಟು ಹತ್ತಿರ ಬಂದೆನೆಂದು ಅನ್ನಿಸಿದಾಗ ಇನ್ನೂ ಒಂದು ಹೆಜ್ಜೆ ಬಾಕಿಯಿರುತ್ತದೆ.

ಒಂದು ಕ್ಯಾಮೆರಾವನ್ನು ಕಡಲಿಗೆ ಒಪ್ಪಿಸಿದ್ದೂ ಉಂಟು. ಕ್ಯಾಮೆರಾಗೆ ನೀರು ತಾಗದಂತೆ ಕಾಯುವ ಹೌಸಿಂಗ್ ಎಂಬ ಪೆಟ್ಟಿಗೆಯ ಬಾಗಿಲಿನಲ್ಲಿ, ನೀರು ತಡೆಯುವ ಒ-ರಿಂಗ್ ಎಂಬ ರಬ್ಬರ್ ಬಳೆಯ ಮೇಲೆ ನನ್ನದೇ ಒಂದು ಕೂದಲು ಅಡ್ಡ ಬಿದ್ದಿತ್ತು, ಅಷ್ಟೆ.

ಅದಕ್ಕಿಂತ ದೊಡ್ಡ ತಪ್ಪು ನಡೆದದ್ದು ಹದಿನಾರು ಮೀಟರ್ ಆಳದಲ್ಲಿ. ಬಂಡೆಯೊಂದರ ಮೇಲೆ ಕಿರುಬೆರಳಿನ ಉಗುರಿನಷ್ಟಿದ್ದ ನ್ಯೂಡಿಬ್ರಾಂಕ್, ಅಂದರೆ ಚಿಪ್ಪಿಲ್ಲದ ಕಡಲ ಬಸವನಹುಳು ಕಂಡಿತು. ಬೆನ್ನ ಮೇಲೆ ಹೂವಿನಂತೆ ಬಿರಿದ ಅದರ ಕಿವಿರುಗಳು ಅಲೆಯ ಜೊತೆ ಒಮ್ಮೆ ಮುದುಡಿ ಒಮ್ಮೆ ಅರಳುತ್ತಿದ್ದುದನ್ನು ಹಿಡಿಯಲು ನಲವತ್ತಕ್ಕೂ ಹೆಚ್ಚು ಸಲ ಕ್ಲಿಕ್ಕಿಸಿ ತಲೆಯೆತ್ತಿದರೆ ಇವರಿಲ್ಲ. ಸಿಲಿಂಡರಿನಲ್ಲಿ ಉಳಿದ ಗಾಳಿಯ ಒತ್ತಡವನ್ನು ಬಾರ್ ಲೆಕ್ಕದಲ್ಲಿ ತೋರಿಸುವ ಗೇಜ್ ನೋಡಿಕೊಂಡೆ, ನೂರು ಬಾರ್ ಇದ್ದೀತೆಂದುಕೊಂಡಿದ್ದಲ್ಲಿ ಅರವತ್ತು ತೋರಿಸುತ್ತಿತ್ತು. ಹತ್ತು ಮೀಟರಿನಲ್ಲಿ ಒತ್ತಡ ಮೇಲಿನ ಎರಡರಷ್ಟು, ಇಪ್ಪತ್ತರಲ್ಲಿ ಮೂರರಷ್ಟು. ಗಾಳಿಯೂ ಅದೇ ಲೆಕ್ಕದಲ್ಲಿ ಖಾಲಿಯಾಗುತ್ತದೆ ಎಂಬುದನ್ನು ಬಾಯಿಪಾಠ ಮಾಡಿದ್ದವಳೇ ನಾನು. ಕಲಿಸಿದಂತೆ ಒಂದು ನಿಮಿಷ ಮಾತ್ರ ಸುತ್ತಲೂ ಹುಡುಕಿ, ಉಸಿರನ್ನು ಎಲ್ಲಿಯೂ ಕಟ್ಟದೆ ನಿಧಾನವಾಗಿ ಮೇಲೇರಿದೆ. ಇವರು ಮೇಲೆ ಬರುವುದಕ್ಕೆ ಹಿಡಿದ ಎರಡು ನಿಮಿಷಗಳ ಬಗ್ಗೆ ಹೆಚ್ಚು ಬರೆಯಲಾರೆ. ಫಿನ್ನಿನ ಪಟ್ಟಿ ಕಳಚಿ, ಅದನ್ನು ಹಿಡಿಯಲು ಬಂಡೆಯ ಆಚೆ ಬದಿಗೆ ಇಳಿದಿದ್ದರಂತೆ.

"ಎರಡು ಸಲ ನಿನ್ನ ಮುಂದೆಯೇ ಟಾರ್ಚ್ ಆಡಿಸಿದೆ, ನೀನು ನೋಡಲೇ ಇಲ್ಲ" ಎಂದರು.

"ಅದು ಅಲ್ಲಾಡದೆ ಕೂತಿತ್ತು ರೀ" ಎಂದೆ. ಆ ಉತ್ತರಕ್ಕೆ ನನಗೇ ನಾಚಿಕೆಯಾಯಿತು.

ಅಂದಿನಿಂದ ಒಂದು ಡೈವ್‌ಗೆ ಒಂದೇ ಕ್ಯಾಮೆರಾ, ಅದೂ ಒಬ್ಬರ ಕೈಯಲ್ಲಿ, ಇನ್ನೊಬ್ಬರದು ಕಾವಲು. ಒಂದು ಜೀವಿಗೆ ಐದು ಕ್ಲಿಕ್, ಆಮೇಲೆ ಅದು ಎಷ್ಟೇ ಚೆಲುವಾಗಿ ನಿಂತಿರಲಿ ತಲೆಯೆತ್ತಿ ಜೊತೆಗಾರರ ಮುಖ ನೋಡಲೇಬೇಕು. ಐದೈದು ನಿಮಿಷಕ್ಕೆ ಕಾವಲಿನವರು ಗಾಳಿ ಎಷ್ಟೆಂದು ಸನ್ನೆಯಲ್ಲಿ ಕೇಳುತ್ತಾರೆ, ಇಬ್ಬರಲ್ಲಿ ಯಾರದಾದರೂ ನೂರು ಬಾರ್‌ಗೆ ಇಳಿದರೆ ಹಿಂದಿರುಗುತ್ತೇವೆ. ಮೇಲೇರುವಾಗ ಐದು ಮೀಟರಿನಲ್ಲಿ ಸುರಕ್ಷತೆಗಾಗಿ ಮೂರು ನಿಮಿಷ ನಿಲ್ಲುವ ಹೊತ್ತಿಗೆ ಕ್ಯಾಮೆರಾ ಜಾಕೆಟ್ಟಿನ ಕೊಂಡಿಗೆ ಸಿಕ್ಕಿಸಿರಬೇಕು.

ಚಿತ್ರಗಳು ಕಡಿಮೆಯಾದೀತೆಂದು ನಾನು ಗೊಣಗಿದ್ದೆ. ಲೆನ್ಸಿನ ಹಿಂದೆ ಸಿಕ್ಕಿಕೊಳ್ಳದ ಕಣ್ಣಿಗೆ ಎಷ್ಟು ಕಾಣುತ್ತದೆಂಬುದು ಆಗ ಗೊತ್ತಿರಲಿಲ್ಲ. ಮುಂದಿನ ವಾರವೇ ಇವರು ನನ್ನ ಭುಜ ತಟ್ಟಿ, ಹವಳದ ಸಂದಿಯಲ್ಲಿ ಬಾಯಿ ತೆರೆದು ನಿಂತಿದ್ದ ಹಾವುಮೀನೊಂದನ್ನು ತೋರಿಸಿದರು. ಅದರ ದವಡೆಯ ಮೇಲೆ ಕೆಂಪು ಪಟ್ಟೆಯ ಸೀಗಡಿಯೊಂದು ಕೊಳೆ ಹೆಕ್ಕುತ್ತಾ ಓಡಾಡುತ್ತಿತ್ತು. ಮೂರನೆಯ ಕ್ಲಿಕ್ಕಿಗೆ ಸೀಗಡಿ ಹಲ್ಲುಗಳ ನಡುವೆ ಬಂತು. ಐದಾದ ಮೇಲೆ ತಲೆಯೆತ್ತಿದೆ. ಇವರು ಆಗಲೇ ಗೇಜಿನ ಕಡೆ ಬೆರಳು ತೋರಿಸುತ್ತಿದ್ದರು.