ಕೊಡಗಿನ ಮಕ್ಕಳಿಗೆ ರಾಜ್ಯದ ವಿದ್ಯಾರ್ಥಿವೇತನ: ಅರ್ಜಿಗೆ ಮುನ್ನ ಸರಿಪಡಿಸಿಕೊಳ್ಳಬೇಕಾದವು

ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜು ಸೇರುವವರಿಗೆ ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮುಂತಾದ ಇಲಾಖೆಗಳು ನೀಡುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ತಾಣ ಒಂದೇ. ಅದು ಎಸ್‌ಎಸ್‌ಪಿ ಎಂದು ಕರೆಯುವ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಆಧಾರ್, ಎಸ್ಸೆಸ್ಸೆಲ್ಸಿ ನೋಂದಣಿ ಸಂಖ್ಯೆ, ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಮುದ್ರಿತವಾಗಿರುವ ಆರ್‌ಡಿ ಸಂಖ್ಯೆ ಇವಿಷ್ಟು ಕೈಯಲ್ಲಿರಬೇಕು.

ನಮ್ಮ ಜಿಲ್ಲೆಯಲ್ಲಿ ಮೊದಲು ನೋಡಬೇಕಾದದ್ದು ಹೆಸರನ್ನು. ಕೊಡವ ಮತ್ತು ಗೌಡ ಕುಟುಂಬಗಳ ಮಕ್ಕಳ ಮನೆತನದ ಹೆಸರು ಒಂದು ದಾಖಲೆಯಲ್ಲಿ ಪೂರ್ಣವಾಗಿಯೂ ಮತ್ತೊಂದರಲ್ಲಿ ಬರಿಯ ಇನಿಷಿಯಲ್ ಆಗಿಯೂ ಇರಬಹುದು. ಆಧಾರ್, ಅಂಕಪಟ್ಟಿ, ಆರ್‌ಡಿ ಸಂಖ್ಯೆಯ ಪ್ರಮಾಣಪತ್ರ ಮೂರರಲ್ಲೂ ಹೆಸರು ಹೊಂದದಿದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು. ಆದ್ದರಿಂದ ಮಗು ಒಂಬತ್ತನೇ ತರಗತಿಯಲ್ಲಿರುವಾಗಲೇ ಶಾಲಾ ದಾಖಲೆ ಮತ್ತು ಆಧಾರ್ ಎರಡನ್ನೂ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ ಎಂದು ಪೋಷಕರಲ್ಲಿ ವಿನಂತಿಸುತ್ತೇನೆ, ಏಕೆಂದರೆ ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದುಪಡಿ ಬಹಳ ದೀರ್ಘವಾದ ಕೆಲಸ.

ಎರಡನೆಯ ತೊಡಕು ಜಮೀನಿನದು. ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಪಿಯುಸಿ ಹುಡುಗರಿಗೆ ವರ್ಷಕ್ಕೆ 2,500 ರೂಪಾಯಿ, ಹುಡುಗಿಯರಿಗೆ 3,000 ರೂಪಾಯಿ ನಿಗದಿಯಾಗಿತ್ತು. ಇದಕ್ಕೆ ತಂದೆ ಅಥವಾ ತಾಯಿಯ ಎಫ್‌ಐಡಿ, ಅಂದರೆ ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆ ಬೇಕು. ಕೊಡಗಿನ ವಂಶಪಾರಂಪರ್ಯ ಭೂಮಿಯಾದ ಜಮ್ಮಾ ಹಿಡುವಳಿಯ ಪಹಣಿಯಲ್ಲಿ ಪಟ್ಟೆದಾರರ, ಅಂದರೆ ಕುಟುಂಬದ ಮುಖ್ಯಸ್ಥರ ಹೆಸರಷ್ಟೇ ಇರುವ ಕಡೆ, ಅದೇ ತೋಟದಲ್ಲಿ ದುಡಿಯುವ ತಂದೆಗೆ ಈ ಸಂಖ್ಯೆ ಸುಲಭವಾಗಿ ಸಿಗುವುದಿಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ವಿಚಾರಿಸಿ, ಅಗತ್ಯವಿದ್ದರೆ ಗ್ರಾಮ ಆಡಳಿತಾಧಿಕಾರಿಯನ್ನು ಕಾಣುವುದು ಉತ್ತಮ.

ಮಡಿಕೇರಿಯಲ್ಲೋ ಮೈಸೂರಿನಲ್ಲೋ ಕೊಠಡಿ ಬಾಡಿಗೆಗೆ ಹಿಡಿದು ಓದುವವರು, ಸರ್ಕಾರಿ ವಿದ್ಯಾರ್ಥಿನಿಲಯ ಸಿಗದಿದ್ದರೆ, ವಿದ್ಯಾಸಿರಿ ಯೋಜನೆಯ ಊಟ ಮತ್ತು ವಸತಿ ಸಹಾಯವನ್ನೂ ಅದೇ ಪೋರ್ಟಲ್‌ನಲ್ಲಿ ಕೋರಬಹುದು. ಹಾಡಿಗಳ, ಅಂದರೆ ಬುಡಕಟ್ಟು ವಸತಿಗಳ ಜೇನುಕುರುಬ, ಯರವ ಮಕ್ಕಳ ವಿಷಯದಲ್ಲಿ ಆಧಾರ್ ಮತ್ತು ಜಾತಿ ಪ್ರಮಾಣಪತ್ರ ಮಾಡಿಸುವುದೇ ದೊಡ್ಡ ಕೆಲಸವಾದ್ದರಿಂದ, ಶಿಕ್ಷಕರು ಜೊತೆಗೆ ನಿಂತರೆ ಮಾತ್ರ ಅದು ಸಮಯಕ್ಕೆ ಆಗುತ್ತದೆ.

ದಾಖಲೆಗಳ ಇ-ದೃಢೀಕರಣವನ್ನು, ಅಂದರೆ ಆನ್‌ಲೈನ್ ದೃಢೀಕರಣವನ್ನು, ಕಾಲೇಜಿನ ನಿಯೋಜಿತ ಅಧಿಕಾರಿಯಿಂದ ಮಾಡಿಸಿಕೊಳ್ಳಬೇಕು. ಹಣ ನೇರವಾಗಿ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟರಷ್ಟೇ ಸಾಲದು, ಸರ್ಕಾರದ ಹಣ ಆಧಾರ್ ಮೂಲಕ ಆ ಖಾತೆಗೇ ಬರುವಂತೆ ಮಾಡುವ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ ತಿಳಿಯಬೇಕು. ಮಳೆಗಾಲದಲ್ಲಿ ವಿದ್ಯುತ್ ಮತ್ತು ನೆಟ್‌ವರ್ಕ್ ದಿನಗಟ್ಟಲೆ ಇಲ್ಲದ ಊರುಗಳವರು ಕೊನೆಯ ದಿನಾಂಕಕ್ಕೆ ಕಾಯದೆ, ಅರ್ಜಿ ತೆರೆದ ವಾರದಲ್ಲೇ ಸಲ್ಲಿಸಿ ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.