ಆಮೇಲೆ ಸೇರಿಸಿದ ಬಟನ್ ಕ್ಲಿಕ್ ಆಗ್ತಿಲ್ವಾ? ಹೀಗೆ ಮಾಡಿ

ಮಂಡ್ಯದ ಬೆಲ್ಲದ ಮಂಡಿಗೆ ಜಾವಾಸ್ಕ್ರಿಪ್ಟ್ ಬಳಸಿ ಒಂದು ವೆಬ್ ಪುಟ ಮಾಡುತ್ತಿದ್ದೀರಿ ಅಂದುಕೊಳ್ಳಿ. ಗಾಡಿ ಬಂದ ಹಾಗೆಲ್ಲ ಟೇಬಲ್‌ಗೆ ಹೊಸ ಸಾಲು ಸೇರುತ್ತದೆ. ಅಚ್ಚು ಬೆಲ್ಲವೋ ಬಕೆಟ್ ಬೆಲ್ಲವೋ, ಎಷ್ಟು ಕ್ವಿಂಟಾಲ್, ಏನು ರೇಟು, ಕೊನೆಗೊಂದು 'ಅಳಿಸು' ಬಟನ್. ಮೊದಲೇ ಇದ್ದ ಸಾಲುಗಳಲ್ಲಿ ಬಟನ್ ಸರಿಯಾಗಿದೆ, ಆಮೇಲೆ ಬಂದ ಸಾಲಿನಲ್ಲಿ ಎಷ್ಟು ಒತ್ತಿದರೂ ಏನೂ ಆಗಲ್ಲ. ಕನ್ಸೋಲ್‌ನಲ್ಲಿ ಎರರ್ ಕೂಡ ಇರಲ್ಲ, ತಲೆ ಕೆಡುವುದೇ ಅದಕ್ಕೆ.

ಕ್ವೆರಿಸೆಲೆಕ್ಟರ್‌ಆಲ್ (querySelectorAll) ಕರೆದು ಬಟನ್‌ಗಳನ್ನು ಹುಡುಕಿ, ಲೂಪಿನಲ್ಲಿ ಒಂದೊಂದಕ್ಕೂ ಲಿಸನರ್, ಅಂದರೆ ಕ್ಲಿಕ್ ಆದಾಗ ಓಡುವ ಫಂಕ್ಷನ್, ಹಾಕಿರುತ್ತೀರಿ. ಆದರೆ ಕ್ವೆರಿಸೆಲೆಕ್ಟರ್‌ಆಲ್ ಕೊಡುವುದು ಆ ಹೊತ್ತಿಗೆ ಪುಟದಲ್ಲಿದ್ದ ಬಟನ್‌ಗಳನ್ನು ಮಾತ್ರ. ಹೊಸದು ಬಂದರೆ ಆ ಪಟ್ಟಿ ಬೆಳೆಯುವುದಿಲ್ಲ. ಹಾಗಂತ ಸಾಲು ಸೇರಿಸಿದಾಗೆಲ್ಲ ಮತ್ತೆ ಲೂಪ್ ಓಡಿಸಿ ಎಲ್ಲ ಬಟನ್‌ಗೂ ಲಿಸನರ್ ಹಾಕಬೇಡಿ. ಲೂಪಿನೊಳಗೇ ಫಂಕ್ಷನ್ ಬರೆದಿದ್ದರೆ ಪ್ರತಿ ಸಲವೂ ಅದು ಹೊಸ ಫಂಕ್ಷನ್ನೇ, ಹಾಗಾಗಿ ಹಳೇ ಬಟನ್ ಒಂದು ಸಲ ಒತ್ತಿದರೆ ಕೆಲಸ ಎರಡು ಮೂರು ಸಲ ನಡೆಯುತ್ತದೆ. ತೂಕ ಕೂಡುವ ಬಟನ್‌ನಲ್ಲಿ ಹೀಗಾದರೆ ರೈತರ ಲೆಕ್ಕವೇ ತಪ್ಪುತ್ತದೆ, ಅಲ್ವಾ?

ಲಿಸನರ್ ಅನ್ನು ಟಿಬಾಡಿಗೆ (tbody, ಸಾಲುಗಳೆಲ್ಲ ಇರುವ ಟೇಬಲ್ ಭಾಗ) ಹಾಕಿ, ಒಂದೇ ಸಲ. ಬಟನ್ ಮೇಲಿನ ಕ್ಲಿಕ್ ಅಲ್ಲೇ ನಿಲ್ಲದೆ ಸಾಲು, ಟಿಬಾಡಿ, ಟೇಬಲ್ ಅಂತ ಮೇಲಕ್ಕೆ ಹೋಗುತ್ತದೆ. ಇದಕ್ಕೇ ಬಬ್ಲಿಂಗ್ ಅನ್ನುವುದು. ಫಂಕ್ಷನ್ನಿನೊಳಗೆ ಇವೆಂಟ್‌ನ ಟಾರ್ಗೆಟ್ (ಕ್ಲಿಕ್ ನಿಜವಾಗಿ ಬಿದ್ದ ಎಲಿಮೆಂಟ್) ಮೇಲೆ ಕ್ಲೋಸೆಸ್ಟ್ (closest, ಅಲ್ಲಿಂದ ಶುರುಮಾಡಿ ಮೇಲಕ್ಕೆ ಹುಡುಕುವ ಮೆಥಡ್) ಕರೆದು 'ಅಳಿಸು' ಬಟನ್ನಿನ ಕ್ಲಾಸ್ ಕೊಡಿ. ನಲ್ (null, ಅಂದರೆ ಏನೂ ಸಿಗಲಿಲ್ಲ) ಬಂದರೆ ಅಲ್ಲೇ ರಿಟರ್ನ್. ಬಟನ್ ಸಿಕ್ಕರೆ ಅದರ ಮೇಲೆ ಇನ್ನೊಮ್ಮೆ ಕ್ಲೋಸೆಸ್ಟ್ ಕರೆದು ಟಿಆರ್ (tr, ಅಂದರೆ ಆ ಸಾಲು) ಹಿಡಿದು ರಿಮೂವ್ ಮಾಡಿ. ಟಾರ್ಗೆಟ್‌ನ ಕ್ಲಾಸ್ ಮಾತ್ರ ನೋಡಿದರೆ ಸಾಲದು. ಬಟನ್ ಒಳಗೆ ಕಸದ ಬುಟ್ಟಿ ಐಕಾನ್ ಇದ್ದು ಬೆರಳು ಅದರ ಮೇಲೆ ಬಿದ್ದರೆ ಟಾರ್ಗೆಟ್ ಐಕಾನೇ ಆಗುತ್ತದೆ, ಬಟನ್ ಅಲ್ಲ.

ಟಿಬಾಡಿಯ ಒಳಗಿನದನ್ನು ಎಷ್ಟು ಸಲ ಬದಲಾಯಿಸಿದರೂ ಲಿಸನರ್ ಹೋಗಲ್ಲ. ಟಿಬಾಡಿಯನ್ನೇ ಕಿತ್ತು ಹೊಸದು ಹಾಕಿದರೆ ಮಾತ್ರ ಹೋಗುತ್ತದೆ, ಆಗ ಟೇಬಲ್‌ಗೇ ಹಾಕಿ. ಡಾಕ್ಯುಮೆಂಟ್‌ಗೆ (ಇಡೀ ಪುಟಕ್ಕೆ) ಹಾಕುವವರೂ ಜಾಸ್ತಿ ಇದ್ದಾರೆ, ನನಗದು ಇಷ್ಟವಿಲ್ಲ. ಪುಟದ ಪ್ರತಿ ಕ್ಲಿಕ್ಕಿಗೂ ಸುಮ್ನೆ ಓಡುತ್ತದೆ.

ಜೆಕ್ವೆರಿ (jQuery) ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಾದರೆ ಟಿಬಾಡಿ ಮೇಲೆ ಆನ್ (on) ಕರೆದು, ಕ್ಲಿಕ್ ಆದಮೇಲೆ ಎರಡನೆಯದಾಗಿ ಬಟನ್ನಿನ ಸೆಲೆಕ್ಟರ್ ಕೊಡಿ. ಹಳೇ ಕೋಡಿನಲ್ಲಿ ಇದೇ ಕೆಲಸದ ಲೈವ್ (live) ಕಂಡರೆ ತೆಗೆಯಿರಿ, ಜೆಕ್ವೆರಿ 1.9ರಿಂದ ಅದು ಇಲ್ಲ.

ರೇಟಿನ ಇನ್‌ಪುಟ್‌ಗೂ ಹೀಗೇ ಮಾಡಲು ಹೋದರೆ ಫೋಕಸ್ (ಇನ್‌ಪುಟ್ ಒಳಗೆ ಬಂದಾಗಿನ ಇವೆಂಟ್), ಬ್ಲರ್ (ಹೊರಗೆ ಹೋದಾಗಿನದು) ಎರಡೂ ಬಬಲ್ ಆಗುವುದಿಲ್ಲ. ಅಲ್ಲಿ ಫೋಕಸ್‌ಇನ್, ಫೋಕಸ್‌ಔಟ್ ಬಳಸಿ.