ಕರುವಿಗೆ ಭೇದಿಯೇ? ಮೊದಲು ಬಾಯಿಗೆ ಬೆರಳಿಟ್ಟು ನೋಡಿ

ಹೋದ ವರ್ಷ ನಮ್ಮ ಕೊಟ್ಟಿಗೆಯಲ್ಲಿ ಐದು ದಿನದ ಕರುವಿಗೆ ಭೇದಿ ಶುರುವಾಯಿತು. ಎರಡು ದಿನಕ್ಕೆ ಸಗಣಿ ಗಟ್ಟಿಯಾಯಿತು. ಸದ್ಯ, ಗೆದ್ದೆ ಅಂದುಕೊಂಡೆ. ಮಾರನೇ ದಿನ ಮುಂಗಾಲಿನ ಮಂಡಿ ಬಿಸಿಯಾಗಿ ಊದಿತ್ತು. ಕರುಳಿನ ಬ್ಯಾಕ್ಟೀರಿಯಾ ಅಷ್ಟರಲ್ಲಿ ರಕ್ತ ಸೇರಿ ಕೀಲಿಗೆ ಇಳಿದಿತ್ತು. ಕರು ಉಳಿಯಲಿಲ್ಲ. ಈಗ ಭೇದಿ ಅಂದ ತಕ್ಷಣ ನಾನು ಬಾಲದ ಕಡೆ ಹೋಗುವುದಿಲ್ಲ, ಬಾಯಿಯ ಕಡೆ ಹೋಗುತ್ತೇನೆ.

ಕೈ ತೊಳೆದು ಬೆರಳನ್ನು ಕರುವಿನ ಬಾಯಿಗಿಡಿ. ಜೋರಾಗಿ ಚೀಪಿದರೆ ಒಳ್ಳೆಯದು. ಚೀಪದೆ ಸುಮ್ನೆ ನಿಂತರೆ, ಬಾಯಿಯೂ ತಣ್ಣಗಿದ್ದರೆ ಕಾಯುತ್ತಾ ಕೂರಬೇಡಿ. ಆಮೇಲೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. 38.5ರಿಂದ 39.5 ಡಿಗ್ರಿ ಸೆಲ್ಸಿಯಸ್ ಸರಿ. ಜ್ವರ ಇಲ್ಲ ಎಂದ ಮಾತ್ರಕ್ಕೆ ಸಮಾಧಾನ ಪಡಬೇಡಿ. ಸೋಂಕು ಮೈಯೆಲ್ಲ ಹರಡಿ ಕರು ಸೋತಾಗ ಮೈ ಬಿಸಿ 38ಕ್ಕಿಂತ ಕೆಳಗೂ ಇಳಿಯುತ್ತದೆ, ನನಗೆ ಜ್ವರಕ್ಕಿಂತ ಅದೇ ಜಾಸ್ತಿ ಭಯ.

ಮಂಡಿ, ಗೊರಸಿನ ಮೇಲಿನ ಗಂಟು ಇವನ್ನು ಎರಡೂ ಕಾಲು ಹೋಲಿಸಿ ಮುಟ್ಟಿ ನೋಡಿ. ಕಣ್ಣಿನೊಳಗೆ ಮಂಜು ಕವಿದಂತಿದೆಯಾ? ಹೊಕ್ಕುಳು ದಪ್ಪಗಿದೆಯಾ? ಬ್ಯಾಕ್ಟೀರಿಯಾ ಅಲ್ಲಿಂದಲೂ ಒಳಗೆ ನುಗ್ಗುತ್ತದೆ. ಇವುಗಳಲ್ಲಿ ಒಂದು ಕಂಡರೂ ಆ ದಿನವೇ ಪಶುವೈದ್ಯರನ್ನು ಕರೆಸಿ. ಹಿಂದಿನ ಸಲ ಮಿಕ್ಕಿದ ಆಂಟಿಬಯೋಟಿಕ್ ಬಾಟಲಿ ಹುಡುಕಬೇಡಿ.

ಕರು ಚುರುಕಾಗಿದ್ದು ಹಾಲು ಕುಡಿಯುತ್ತಿದ್ದರೆ ಹೆಚ್ಚಿನ ಸಲ ಆಂಟಿಬಯೋಟಿಕ್ ಬೇಕಿಲ್ಲ, ನೀರು ಬೇಕು. ಕತ್ತಿನ ಚರ್ಮವನ್ನು ಎತ್ತಿ ಬಿಡಿ. ಮತ್ತೆ ಕೂರಲು 2 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಮೈಯ ನೀರು ಬತ್ತಿದೆ ಎಂದರ್ಥ. ಹಾಲು ನಿಲ್ಲಿಸದೆ, ಹಾಲಿನ ಹೊತ್ತುಗಳ ನಡುವೆ ಕರುಗಳ ಓಆರ್‌ಎಸ್ ಸುಮಾರು 2 ಲೀಟರ್ ಕುಡಿಸಿ.

ಇನ್ನೊಂದು ಮಾತು, ನನಗೆ ಹೇಳಿಕೊಳ್ಳಲು ಕಷ್ಟ. ಆ ಕರು ಹುಟ್ಟಿದ್ದು ರಾತ್ರಿ, ನಾನು ನೋಡಿದ್ದು ಬೆಳಿಗ್ಗೆ. ಗಿಣ್ಣು ಹಾಲು ಎಷ್ಟು ಕುಡಿದಿತ್ತೋ ಏನೋ. ಹುಟ್ಟಿದ ಕರುವಿನ ಕರುಳು ಮೊದಲ ದಿನ ಜರಡಿಯ ಹಾಗೆ. ಗಿಣ್ಣು ಹಾಲಿನ ರೋಗನಿರೋಧಕಗಳು ಅದರ ಮೂಲಕವೇ ನೇರ ರಕ್ತ ಸೇರುತ್ತವೆ, ಕೊಳಕಿನಲ್ಲಿರುವ ಬ್ಯಾಕ್ಟೀರಿಯಾ ಕೂಡ. ಯಾವುದು ಮೊದಲು ಹೋಗುತ್ತದೆ ಎನ್ನುವುದೇ ಪೈಪೋಟಿ. ಗಂಟೆ ಕಳೆದಂತೆ ಆ ಬಾಗಿಲು ಮುಚ್ಚುತ್ತಾ ಹೋಗಿ, 24 ಗಂಟೆಯ ಹೊತ್ತಿಗೆ ಪೂರಾ ಮುಚ್ಚುತ್ತದೆ. ಅದಕ್ಕೇ ಈಗ ಹುಟ್ಟಿದ 2 ಗಂಟೆಯೊಳಗೆ ಕೆಚ್ಚಲು ತೊಳೆದು, ಕರೆದು, ಅಳೆದು ಕುಡಿಸುತ್ತೇನೆ. ತೂಕದ ಹತ್ತನೇ ಒಂದು ಭಾಗ ಲೆಕ್ಕ, ಅಂದರೆ 30 ಕಿಲೋ ಕರುವಿಗೆ 3 ಲೀಟರ್. ಹೊಕ್ಕುಳಿಗೆ ಆಗಲೇ ಅಯೋಡಿನ್ ಹಚ್ಚಿಬಿಡುತ್ತೇನೆ.

ಭೇದಿಯ ಕರುವನ್ನು ಬೇರೆ ಕಟ್ಟಿ, ಅದರ ಚಾಕರಿ ಕೊನೆಗೆ ಮಾಡಿ. ಭೇದಿಗೆ ಕಾರಣ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಆಗಿದ್ದರೆ ಅದು ಮನುಷ್ಯರಿಗೂ ದಾಟುತ್ತದೆ. ಬಾಯಿಗಿಟ್ಟ ಆ ಬೆರಳನ್ನು ಸೋಪು ಹಾಕಿ ತೊಳೆಯದೆ ನಿಮ್ಮ ಮುಖದ ಹತ್ತಿರ ತರಬೇಡಿ.